ಹನೂರಿನ ಟೆಂಟಿಗೆ ಹೋದ ಪೆಟ್ಟಿಗೆ

ಅಂಗಡಿಯ ಮುಂದೆ ಇಟ್ಟಿದ್ದ ರೇಡಿಯೋ ಶಿಳ್ಳೆ ಹೊಡೆಯುತ್ತಿತ್ತು. ಹಾಡಿನ ಜೊತೆಗೆ, ಹಾಡಿಗಿಂತ ಜೋರಾಗಿ, ಹಲ್ಲು ಜುಮ್ಮೆನ್ನುವ ಹಾಗೆ. ಎದುರಿನ ಸೈಕಲ್ ಶಾಪಿನವನು ಎರಡೂ ಕಿವಿಗೆ ಬೆರಳಿಟ್ಟುಕೊಂಡು ನನ್ನ ಕಡೆ ನೋಡಿ ನಕ್ಕ. ನನ್ನ ಗಂಡ ಆ ರೇಡಿಯೋದ ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂತು, ನಾನು ತಂದುಕೊಟ್ಟ ಕಾಫಿಯನ್ನು ಊದಿ ಊದಿ ಕುಡಿಯುತ್ತಿದ್ದರು.

"ಎಂಗದೆ ಸ್ಟೇಷನ್ನು? ಬೆಳಗಿನಿಂದ ಕೂತು ಸರಿ ಮಾಡಿವ್ನಿ" ಅಂದರು.

"ಚೆನ್ನಾಗದೆ" ಅಂದೆ.

ಲೋಟ ತೆಗೆದುಕೊಂಡು ಒಳಗೆ ಬಂದು ಅಡುಗೆಮನೆಯ ಗೋಡೆಗೆ ಒರಗಿ ನಿಂತೆ. ಅಂಗಡಿಯ ಹಿಂದೆಯೇ ನಮ್ಮ ಮನೆ, ಶಿಳ್ಳೆ ಅಲ್ಲಿಗೂ ಕೇಳುತ್ತಿತ್ತು. ಅಷ್ಟು ದಿನ ಕಂಡೂ ಕಾಣದ ಹಾಗೆ ಬಿಟ್ಟಿದ್ದ ಸಣ್ಣಪುಟ್ಟ ಸಂಗತಿಗಳೆಲ್ಲ ಒಂದೊಂದಾಗಿ ಬಂದು ಎದುರಿಗೆ ನಿಂತವು. ಒಗ್ಗರಣೆಯ ಸಾಸಿವೆ ಚಟಪಟ ಸಿಡಿಯುತ್ತಿದ್ದಾಗ ಪಕ್ಕದಲ್ಲೇ ನಿಂತು "ಇನ್ನೂ ಸಾಸ್ವೆ ಆಕ್ಲಿಲ್ವಾ?" ಎಂದು ಕೇಳಿದ್ದು. ಕಂಡಕ್ಟರು ಸೀಟಿ ಊದಿದರೂ ಬಸ್ಸು ಹತ್ತದೆ ಮಾತಾಡುತ್ತ ನಿಂತದ್ದು. ಗುಡುಗಿದರೆ ಅವರಿಗೆ ಕೇಳುತ್ತಿತ್ತು, ಲಾರಿ ಹೋದರೆ ಕೇಳುತ್ತಿತ್ತು, ನಾನು ಗದರಿದರಂತೂ ಚೆನ್ನಾಗಿಯೇ ಕೇಳುತ್ತಿತ್ತು. ಚೂಪಾದ ಸದ್ದುಗಳು ಮಾತ್ರ ಅವರ ಪಾಲಿಗೆ ಇಲ್ಲವಾಗಿದ್ದವು.

ಇದು ಎಲ್ಲಿಂದ ಬಂತು ಎಂಬುದು ನನಗೆ ಗೊತ್ತಿತ್ತು. ಹಿಂದಿನ ವರ್ಷ ಅವರಿಗೆ ಕೆಮ್ಮಿನ ಕಾಯಿಲೆ ಬಂದಿತ್ತು. ಆ ಕಾಯಿಲೆಯ ನಿಜವಾದ ಹೆಸರನ್ನು ಆಗ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ತಿಂಗಳುಗಟ್ಟಲೆ ದಿನಾ ಸೂಜಿಮದ್ದು ಚುಚ್ಚಿಸಿಕೊಂಡು ಬದುಕಿ ಬಂದರು. ಈ ಮದ್ದಿಗೆ ಕಿವಿಯಲ್ಲಿ ಗುಂಯ್ ಅನ್ನುವುದುಂಟು, ಜೀವಕ್ಕಿಂತ ಅದು ದೊಡ್ಡದಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ನಮಗೂ ಆಗ ಜೀವವೇ ದೊಡ್ಡದಾಗಿತ್ತು. ಎದ್ದು ಓಡಾಡುವಂತಾದ ಮೇಲೆ ಒಂದು ಬೆಳಿಗ್ಗೆ ಇವರು ಬೀದಿಯಲ್ಲಿ ಹೋಗುತ್ತಿದ್ದ ಬಳೆಗಾರ್ತಿಯನ್ನು ಕೂಗಿ ಕರೆದು, ನನ್ನ ಎರಡೂ ಕೈಗೆ ಡಜನುಗಟ್ಟಲೆ ಹಸಿರು ಗಾಜಿನ ಬಳೆ ತೊಡಿಸಿದರು. "ಹಬ್ಬ ಇಲ್ಲ, ಹುಣ್ಣಿಮೆ ಇಲ್ಲ, ಇದೇನ್ರೀ ನಿಮ್ದು?" ಎಂದು ನಾನು ರೇಗಿದರೆ, "ಆಕವ್ವಾ, ಇನ್ನೊಂದೆರಡು ಆಕು" ಎಂದು ಅವಳಿಗೇ ಹೇಳಿದರು. ಸಾವಿನ ಬಾಗಿಲಿಂದ ಬಂದವರಲ್ಲವೇ, ಖುಷಿ ಅಂದುಕೊಂಡೆ.

ಯಳಂದೂರು ಕಡೆಯಿಂದ ಬಂದವರು ನನ್ನ ಗಂಡ. ಮೈಸೂರಿನಲ್ಲಿ ರೇಡಿಯೋ ಕೆಲಸ ಕಲಿತು ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹಿಂದೆ ಅಂಗಡಿ ಹಾಕಿದ್ದರು. ರೇಡಿಯೋ ರಿಪೇರಿ ಹೊಟ್ಟೆಪಾಡು. ಅವರ ಪ್ರಾಣ ಇದ್ದದ್ದು ಹಳೆಯ ಸ್ಪೀಕರ್ ಪೆಟ್ಟಿಗೆಗಳಲ್ಲಿ. ಸುತ್ತಮುತ್ತಲ ಊರಿನ ಪಂಚಾಯ್ತಿ ರೇಡಿಯೋ ಪೆಟ್ಟಿಗೆ, ಸಾಹುಕಾರರ ಮನೆಯ ಗ್ರಾಮಫೋನು ಪೆಟ್ಟಿಗೆ, ಯಾವುದೇ ಇರಲಿ, ಗೆದ್ದಲು ತಿಂದದ್ದನ್ನು ತಂದು ಕೊಟ್ಟರೆ ಅದಕ್ಕೆ ಮರ ಕೂಡಿಸಿ, ಹೊಳಪು ಕೊಟ್ಟು, ಕಡೆಗೆ ಅದರ ಸದ್ದು ಹದ ಮಾಡುತ್ತಿದ್ದರು. ಹದ ಮಾಡುವುದು ಕಿವಿಯ ಕೆಲಸ. ಅಕ್ಕಸಾಲಿಗನಿಗೆ ಕಣ್ಣು ಮಂಜಾಗಿದೆ ಎಂದು ಊರಿಗೆ ಗೊತ್ತಾದರೆ ಯಾರು ಒಡವೆ ಕೊಡುತ್ತಾರೆ? ಇವರದೂ ಅದೇ ಪಾಡು. ಜೊತೆಗೆ ಕೆಮ್ಮಿನ ಕಾಯಿಲೆಯ ಮಾತೂ ಮತ್ತೆ ಮೇಲೆ ಬರುತ್ತಿತ್ತು. ಗಂಡನ ಹೆಸರನ್ನೇ ಬಾಯಲ್ಲಿ ಹೇಳದ ಕಾಲ ಅದು, ಇನ್ನು ಗಂಡನ ಕಿವಿ ಹೋಗಿದೆ ಎಂದು ನಾನು ಯಾರಿಗೆ ಹೇಳಲಿ? ಅವರಿಗೇ ಹೇಳುವುದಂತೂ ಇನ್ನೂ ಕಷ್ಟವಾಗಿತ್ತು. ಹೇಳಿದ ದಿನ ಅವರು ಅಂಗಡಿ ಮುಚ್ಚಿಬಿಡುತ್ತಾರೆ, ಮುಚ್ಚಿ ಸುಮ್ಮನೆ ಜಗಲಿಯ ಮೇಲೆ ಕೂರುತ್ತಾರೆ ಎಂಬ ಹೆದರಿಕೆ ನನಗೆ. ಬಾಯಿ ಮುಚ್ಚಿಕೊಂಡಿರುವ ಸ್ವಭಾವ ನನ್ನದಲ್ಲ. ಆ ದಿನಗಳಲ್ಲಿ ಮುಚ್ಚಿಕೊಂಡೇ ಇದ್ದೆ. ಅದರ ಸಿಟ್ಟನ್ನೆಲ್ಲ ಪಾತ್ರೆಗಳ ಮೇಲೆ ತೀರಿಸಿಕೊಂಡೆ.

ಹಾಗಿರುವಾಗ ಹನೂರಿನ ಟೆಂಟಿನ ಪೆಟ್ಟಿಗೆ ಬಂತು.

ಹನೂರಿನಲ್ಲಿ ಆಗ ಒಂದು ಟೆಂಟ್ ಸಿನಿಮಾ ನಡೆಯುತ್ತಿತ್ತು. ಅದನ್ನು ನಡೆಸುತ್ತಿದ್ದವರು ಮಾಂಬಳ್ಳಿ ಕಡೆಯ ಜಮೀನಿನವರು, ಹಣೆಯ ತುಂಬ ವಿಭೂತಿ ಬಳಿದುಕೊಂಡ ದೊಡ್ಡ ಮನುಷ್ಯರು. ಅವರ ತಂದೆ ಯಾವುದೋ ಕಾಲದಲ್ಲಿ ಮೈಸೂರಿನ ಥಿಯೇಟರೊಂದರಿಂದ ತಂದಿದ್ದ ಸ್ಪೀಕರ್ ಪೆಟ್ಟಿಗೆ ಅದು. ಆಳೆತ್ತರದ ತೇಗದ ಪೆಟ್ಟಿಗೆ. ಕೆಳಗೆ ಹೊಟ್ಟೆಯಲ್ಲಿ ಅಗಲವಾದ ದೊಡ್ಡ ಸ್ಪೀಕರು, ಮೇಲೆ ಸಣ್ಣ ತುತ್ತೂರಿ ಬಾಯಿ. ಗುಡುಗೆಲ್ಲ ಕೆಳಗಿನಿಂದ, ಚೂಪೆಲ್ಲ ಮೇಲಿನಿಂದ. ಆಯುಧಪೂಜೆಯಲ್ಲಿ ವರ್ಷವರ್ಷವೂ ಬಳಿದ ವಿಭೂತಿಯ ಮೂರು ಪಟ್ಟೆ ಅದರ ನೆತ್ತಿಯ ಮೇಲೆ ಗಾರೆಯ ಹಾಗೆ ಗಟ್ಟಿಯಾಗಿತ್ತು. ಹಿಂದಿನ ಮಳೆಗಾಲದಲ್ಲಿ ಟೆಂಟು ಸೋರಿ ಮರ ಬಿರುಕು ಬಿಟ್ಟಿತ್ತು, ದೊಡ್ಡ ಸ್ಪೀಕರಿನ ಕಾಗದ ಹರಿದಿತ್ತು. ಬಸ್ಸಿನ ಮೇಲಿಂದ ಅದನ್ನು ಇಳಿಸಲು ಸ್ಟ್ಯಾಂಡಿನ ಕೂಲಿಗಳೆಲ್ಲ ಸೇರಬೇಕಾಯಿತು.

ಟೆಂಟಿನ ಸಾಹುಕಾರರ ಜೊತೆ ಅವರ ಅಳಿಯನೂ ಬಂದಿದ್ದ. ಮೈಸೂರಿನಲ್ಲಿ ಓದಿದವನು, ಬೀಗದ ಕೈಗಳ ಗೊಂಚಲೊಂದನ್ನು ಬೆರಳಲ್ಲಿ ಸದಾ ತಿರುಗಿಸುವವನು. ಗಿಲಿಗಿಲಿ, ಗಿಲಿಗಿಲಿ. ಆ ಸದ್ದಿಗೇ ನನಗೆ ಅವನ ಮೇಲೆ ಅರ್ಧ ಸಿಟ್ಟು ಬಂದಿತ್ತು.

"ಮಾವಂಗೆ ಇದು ಅಪ್ಪನ ಪೆಟ್ಗೆ ಅಂತ ಮೋಹ. ನಾನು ಏಳೋದು, ಸೌದೆಗೆ ಆಕಿ, ಮೈಸೂರಿಂದ ಹೊಸ ತಗಡಿನ ಹಾರ್ನ್ ಸ್ಪೀಕರ್ ತರ್ಸವ ಅಂತ" ಎಂದ. ಆಮೇಲೆ ನನ್ನ ಗಂಡನ ಕಡೆ ನೋಡಿ, "ಅಲ್ಲಾ, ಯಾರೋ ಅಂದ್ರು, ಕಾಯಿಲೆ ಆದ್ಮೇಲೆ ನಿಮ್ಗೆ ಕಿವಿ ಮಂದ ಆಗದೆ ಅಂತ. ನಿಜವಾ?" ಎಂದು ಕೇಳಿಯೇಬಿಟ್ಟ.

ನಾನು ಒಳಬಾಗಿಲಲ್ಲಿ ನಿಂತಿದ್ದೆ. ಇವರು ನಕ್ಕರು. "ಯಾರಂದದ್ದು? ಅವರ ಕಿವಿನೇ ತಂದ್ಕೊಡಿ ಸಾ, ರಿಪೇರಿ ಮಾಡಿ ಕೊಡ್ತೀನಿ."

ಸಾಹುಕಾರರೂ ನಕ್ಕರು. ಆದರೆ ಅಳಿಯನನ್ನು ಒಪ್ಪಿಸದೆ ಅವರಿಗೂ ಬೇರೆ ದಾರಿ ಇರಲಿಲ್ಲ. ಪೆಟ್ಟಿಗೆ ಇಲ್ಲಿ ಸಿದ್ಧವಾಗಲಿ, ಆದರೆ ಸದ್ದಿನ ಹದ ಮಾತ್ರ ಹನೂರಿನ ಟೆಂಟಿನಲ್ಲೇ, ತಮ್ಮಿಬ್ಬರ ಎದುರಿಗೇ ಆಗಬೇಕು ಎಂದರು. ಅದು ಕಿವಿಗೆ ಹಿತವಾಗಿದ್ದರೆ ಪೆಟ್ಟಿಗೆ ಉಳಿಯುತ್ತದೆ, ಇಲ್ಲದಿದ್ದರೆ ಹೊಸ ಹಾರ್ನ್ ಸ್ಪೀಕರು ಬರುತ್ತದೆ. ಪೆಟ್ಟಿಗೆ ಸೌದೆಗೆ ಹೋಗುವುದು ನನಗೆ ದೊಡ್ಡದಾಗಿ ಕಾಣಲಿಲ್ಲ. ಅದರ ಜೊತೆ ಇವರ ಹೆಸರೂ ಒಲೆಗೆ ಹೋಗುತ್ತದಲ್ಲ ಎಂಬುದು ನನ್ನ ಸಂಕಟ.

ಮರದ ಕೆಲಸವೆಲ್ಲ ಸೊಗಸಾಗಿ ಆಯಿತು. ಅದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಬಡಗಿಗಳು ಕುದಿಸಿ ಹಚ್ಚುವ ಅಂಟನ್ನು ಒಲೆಯ ಮೇಲಿಟ್ಟು ಮನೆಯೆಲ್ಲ ನಾತ ಹಬ್ಬಿಸಿದರು. ಬಿರುಕಿಗೆ ತೇಗದ ಪುಡಿ ತುಂಬಿದರು. ಸ್ಪೀಕರಿನ ಹರಿದ ಕಾಗದಕ್ಕೆ ನನ್ನ ತವರಿನ ಮಗ್ಗದಲ್ಲಿ ಮಿಕ್ಕಿದ್ದ ತೆಳು ರೇಷ್ಮೆಯ ತುಂಡನ್ನು ಅಂಟಿಸಿ ತೇಪೆ ಹಾಕಿದರು. ಪೆಟ್ಟಿಗೆಯೊಳಗೆ ಸದ್ದು ಗುಂಯ್‌ಗುಡದಿರಲು ಮೈಸೂರಿನವರು ಹತ್ತಿಯನ್ನೋ ಉಣ್ಣೆಯನ್ನೋ ತುಂಬುತ್ತಿದ್ದರಂತೆ. ನಮ್ಮೂರಿನಲ್ಲಿ ಅದನ್ನೆಲ್ಲ ಯಾರು ಹುಡುಕುತ್ತಾರೆ? ಗೂಡಿನಿಂದ ನೂಲು ತೆಗೆಯುವ ಮನೆಗಳಲ್ಲಿ ಮೂಟೆಗಟ್ಟಲೆ ರೇಷ್ಮೆ ಕಸ ಬಿದ್ದಿರುತ್ತಿತ್ತು. ಇವರು ಅದನ್ನೇ ತಂದು, ತೊಳೆದು, ಒಣಗಿಸಿ, ಹಿಂಜಿ ತುಂಬುವವರು. ಎಷ್ಟು ತೊಳೆದರೂ ರೇಷ್ಮೆ ಹುಳದ ವಾಸನೆ ಹೋಗುತ್ತಿರಲಿಲ್ಲ. ನಮ್ಮ ಬೆಕ್ಕು ಊಟ ಬಿಟ್ಟು ಪೆಟ್ಟಿಗೆಗೆ ಪ್ರದಕ್ಷಿಣೆ ಹಾಕುತ್ತಿತ್ತು.

ಒಂದು ಮಧ್ಯಾಹ್ನ ಊಟಕ್ಕೆ ಕರೆದೆ. ಅವರು ಪೆಟ್ಟಿಗೆಯ ಪಕ್ಕದ ಹಲಗೆಗೆ ಅಂಗೈ ಒತ್ತಿಕೊಂಡು ಕಣ್ಣು ಮುಚ್ಚಿ ಕೂತಿದ್ದರು. ಮರ ನಡುಗುತ್ತದೋ ಇಲ್ಲವೋ ಎಂದು ನೋಡುವುದಕ್ಕೆ ಹಾಗೆ ಮಾಡುತ್ತಿದ್ದರು. ಮತ್ತೆ ಕರೆದೆ, ಏಳಲಿಲ್ಲ. ಅನ್ನ ಆರುತ್ತಿದೆ ಎಂಬ ಸಿಟ್ಟಿಗೆ ಪೆಟ್ಟಿಗೆಯ ಬೆನ್ನಿಗೆ ಬೆರಳ ಗೆಣ್ಣಿನಿಂದ ಒಂದು ಸಲ ಕುಟ್ಟಿದೆ. ಥಟ್ಟನೆ ಕಣ್ಣು ಬಿಟ್ಟು ನನ್ನ ಕಡೆ ತಿರುಗಿದರು. ನನಗೆ ಅಪ್ಪನ ಮನೆ ನೆನಪಾಯಿತು. ಅಪ್ಪ ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕೂತು ನೇಯುವಾಗ ಬಾಯಲ್ಲಿ ಕೂಗುತ್ತಿರಲಿಲ್ಲ. ನೂಲು ಸುತ್ತಿದ ಕಡ್ಡಿ ಮುಗಿದರೆ ಲಾಳಿಯಿಂದ ಮಗ್ಗದ ಮರಕ್ಕೆ ಒಂದು ಸಲ ಕುಟ್ಟುವರು, ತುಂಬಿದ್ದು ತಾ ಎಂದು. ಎರಡು ಸಲ ಕುಟ್ಟಿದರೆ ಸಾಕು ಎಂದು. ನಾವು ಹೆಣ್ಣುಮಕ್ಕಳು ಎಲ್ಲಿದ್ದರೂ ಆ ಸದ್ದಿಗೆ ಕಿವಿ ಕೊಟ್ಟುಕೊಂಡೇ ಬೆಳೆದವರು. ಆ ಮಧ್ಯಾಹ್ನದಿಂದ ನಾನು ಇವರನ್ನು ಊಟಕ್ಕೆ ಕೂಗುವುದನ್ನು ಬಿಟ್ಟು, ಕೆಲಸದ ಬೆಂಚಿಗೆ ಒಂದು ಸಲ ಕುಟ್ಟತೊಡಗಿದೆ. ಅವರು ಎದ್ದು ಬರುತ್ತಿದ್ದರು. ಯಾಕೆ ಹೀಗೆ ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆಮೇಲೆ ಶುರುವಾಯಿತು ನಮ್ಮ ಮನೆಯ ಮೂಕ ಜಗಳ. ಮೇಲಿನ ತುತ್ತೂರಿ ಬಾಯಿಗೆ ಸ್ವಲ್ಪ ರೇಷ್ಮೆ ಕಸ ಇಟ್ಟರೆ ಚೂಪು ತಗ್ಗುತ್ತದೆ. ಇವರಿಗೆ ಆ ಚೂಪು ಕೇಳುವುದೇ ಇಲ್ಲವಲ್ಲ, ಪೆಟ್ಟಿಗೆಯದೇ ತಪ್ಪು ಎಂದುಕೊಂಡರೋ ಏನೋ, ಇದ್ದ ಕಸವನ್ನೆಲ್ಲ ಕಿತ್ತು ಹಾಕಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ರೆಕಾರ್ಡು ಹಾಕಿದರೆ ಹಾಡುವವಳು ತಗಡು ಗೀರಿದ ಹಾಗೆ ಕಿರುಚುತ್ತಿದ್ದಳು. ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡರು. ಇವರು ಸ್ನಾನಕ್ಕೆ ಹೋದಾಗ ನಾನು ಒಂದು ಹಿಡಿ ಕಸ ತೆಗೆದುಕೊಂಡು ತುತ್ತೂರಿಗೆ ತುರುಕಿ ಬಂದೆ. ಬಂದು ಕೇಳಿದರು, ಮುಖ ಗಂಟು ಹಾಕಿದರು, ಕಿತ್ತು ಹಾಕಿದರು. ಮಾರನೆಯ ದಿನ ನಾನು ಮತ್ತೆ ತುಂಬಿದೆ. ಅವರು ಮತ್ತೆ ಕಿತ್ತರು. ಕಡೆಗೆ ಒಂದು ದಿನ ಕಿತ್ತ ಕಸವನ್ನು ಕೈಯಲ್ಲಿ ಹಿಡಿದು, "ಈ ಬೆಕ್ಕು ಸ್ಪೀಕರ್ ಬಾಯೊಳಕ್ಕೆ ಕಸ ತುಂಬದು ಯಾವಾಗ ಕಲ್ತ್ಕಂತು?" ಎಂದರು. ನಾನು ಬೆಕ್ಕನ್ನೇ ಗದರಿ ಓಡಿಸಿದೆ.

ಹನೂರಿಗೆ ಹೊರಡುವ ದಿನ ಬಂತು. ನಾನೂ ಬರುತ್ತೇನೆ ಎಂದೆ.

"ನೀನ್ಯಾಕಮ್ಮಿ ಅಲ್ಗೆ?"

"ಬುತ್ತಿ ಯಾರು ಕೊಡ್ತಾರೆ ನಿಮ್ಗೆ? ಓಟ್ಲಲ್ಲಿ ತಿಂದು ಮತ್ತೆ ಕೆಮ್ಮು ಬರ್ಸ್ಕಂಡ್ರೆ ನಾನೇ ತಾನೇ ನೋಡ್ಕಬೇಕು?"

ಬಸ್ಸಿನ ಮೇಲೆ ಗೋಣಿ ಸುತ್ತಿದ ಪೆಟ್ಟಿಗೆ, ಒಳಗೆ ನಾವಿಬ್ಬರು. ಅವರು ದಾರಿಯುದ್ದಕ್ಕೂ ಕಿಟಕಿಯಿಂದ ತಲೆ ಹೊರಗೆ ಹಾಕಿ ಹಗ್ಗ ಸಡಿಲವಾಯಿತೇ ಎಂದು ನೋಡುತ್ತಿದ್ದರು. ನನ್ನ ಮಡಿಲಲ್ಲಿ ರೊಟ್ಟಿಯ ಬುತ್ತಿ, ಸೆರಗಿನ ಗಂಟಿನಲ್ಲಿ ಒಂದಿಷ್ಟು ರೇಷ್ಮೆ ಕಸ. ಅದನ್ನು ಯಾಕೆ ತಂದಿದ್ದೇನೆ, ಅಲ್ಲಿ ಹೋಗಿ ಏನು ಮಾಡುತ್ತೇನೆ, ಒಂದೂ ನನಗೆ ತಿಳಿದಿರಲಿಲ್ಲ.

ಟೆಂಟಿನೊಳಗೆ ಹಗಲು ಕೆಂಡದ ಹಾಗೆ ಕಾದಿತ್ತು. ಜನರಿಲ್ಲದ ಮರಳ ನೆಲ, ಬೀಡಿ ತುಂಡು, ಕಡಲೆಕಾಯಿ ಸಿಪ್ಪೆ. ಪೆಟ್ಟಿಗೆಯನ್ನು ಪರದೆಯ ಹಿಂದೆ ನಿಲ್ಲಿಸಿದರು. "ಎಣ್ಮಕ್ಕಳು ಬಿಸಿಲಲ್ಲಿ ಯಾಕೆ, ಪರದೆ ಹಿಂದ್ಗಡೆ ನೆರಳಲ್ಲಿ ಕೂತ್ಕಳಿ" ಎಂದು ಸಾಹುಕಾರರು ನನಗೆ ಹೇಳಿದರು. ಪೆಟ್ಟಿಗೆಯ ಬೆನ್ನಿಗೆ ಸರಿಯಾಗಿ ಒಂದು ಖಾಲಿ ಎಣ್ಣೆ ಡಬ್ಬ ಬೋರಲು ಹಾಕಿದ್ದರು. ಅದರ ಮೇಲೆ ಕೂತೆ. ಪರದೆಯ ಅಂಚಿನಿಂದ ಬಗ್ಗಿದರೆ ಮುಂದಿನದೆಲ್ಲ ಕಾಣುತ್ತಿತ್ತು.

ಸಾಹುಕಾರರು ಕುರ್ಚಿಯಲ್ಲಿ ಕೂತಿದ್ದರು. ಇವರು ಅವರ ಎದುರು ನಿಂತು ಮರದ ಕೆಲಸ ವಿವರಿಸುತ್ತಿದ್ದರು. ಅಳಿಯ ಮೆಲ್ಲಗೆ ನಡೆದು ಇವರ ಬೆನ್ನ ಹಿಂದೆ ಬಂದು ನಿಂತ. ಬೀಗದ ಕೈಗಳ ಗೊಂಚಲನ್ನು ಇವರ ತಲೆಯ ಹತ್ತಿರ ಎತ್ತಿ ಅಲ್ಲಾಡಿಸಿದ. ಗಿಲಿಗಿಲಿ, ಗಿಲಿಗಿಲಿ. ಪರದೆಯ ಹಿಂದೆ ಕೂತ ನನಗೆ ಅದು ಕೇಳುತ್ತಿತ್ತು. ಇವರು ತಿರುಗಲಿಲ್ಲ. ಮಾತಾಡುತ್ತಲೇ ಇದ್ದರು, ಅಂಟು ಎಷ್ಟು ಗಟ್ಟಿ ಎಂದು. ಅಳಿಯ ಮಾವನ ಕಣ್ಣಿಗೆ ಕಣ್ಣು ಕೊಟ್ಟು ನಕ್ಕ. ಆ ನಗುವನ್ನು ಕಂಡು ನನಗೆ ಎದ್ದು ಹೋಗಿ ಆ ಗೊಂಚಲನ್ನು ಕಿತ್ತು ಬೇಲಿಗೆ ಎಸೆಯಬೇಕು ಅನ್ನಿಸಿತು. ಬೆನ್ನ ಹಿಂದೆ ಮನುಷ್ಯನನ್ನು ಪರೀಕ್ಷೆ ಮಾಡುವುದಕ್ಕಿಂತ ಕೆಟ್ಟದ್ದು ಇನ್ನೇನಿದೆ? ಸಾಹುಕಾರರು ಮಾತ್ರ ನಗಲಿಲ್ಲ. "ಪೆಟ್ಗೆ ಏನೇಳ್ತದೋ ಕೇಳವ. ಎಂಜಿನ್ ಆಕಿಸ್ಲಾ" ಎಂದರು.

ಟೆಂಟಿನ ಆಚೆ ಡೀಸೆಲ್ ಎಂಜಿನ್ನು ಗುಡುಗುಟ್ಟಿತು. ಯಾವುದೋ ತಮಿಳು ಚಿತ್ರದ ರೀಲು ಹಾಕಿದರು. ತಮಿಳು ಗಡಿಯ ಪಾಲಾರ್ ಕಡೆಯ ಜನಕ್ಕೆಂದು ಹನೂರಿನಲ್ಲಿ ತಮಿಳು ಚಿತ್ರಗಳೂ ಓಡುತ್ತಿದ್ದವು. ಪರದೆಯ ಮೇಲೆ ಒಬ್ಬ ತಾಯಿ ಅಳುತ್ತ ಮಗನನ್ನು ಬೈಯುತ್ತಿದ್ದಳು. ಅವಳ ಒಂದೊಂದು ಮಾತೂ ಸೂಜಿಯ ಹಾಗೆ ಚುಚ್ಚಿತು. ಅಳಿಯ ಕಿವಿ ಮುಚ್ಚಿಕೊಂಡ. ಸಾಹುಕಾರರ ಮುಖ ಸಣ್ಣದಾಯಿತು. ಇವರು ಅವರಿಬ್ಬರ ಮುಖವನ್ನೂ ನೋಡಿದರು. ಏನೋ ಸರಿಯಿಲ್ಲ ಎಂಬುದು ಮುಖದಿಂದ ಅವರಿಗೆ ತಿಳಿಯಿತು, ಯಾವುದು ಸರಿಯಿಲ್ಲ ಎಂಬುದು ಮಾತ್ರ ತಿಳಿಯುವಂತಿರಲಿಲ್ಲ. ಪರದೆಯ ಹಿಂದೆ ಓಡಿಬಂದು ಪೆಟ್ಟಿಗೆಯ ಪಕ್ಕದ ಹಲಗೆಗೆ ಅಂಗೈ ಒತ್ತಿ ನಿಂತರು. ಬೆವರು ಗದ್ದದಿಂದ ತೊಟ್ಟಿಕ್ಕುತ್ತಿತ್ತು. ಕೆಳಗಿನ ಹೊಟ್ಟೆಗೆ ಇನ್ನಷ್ಟು ಕಸ ತುಂಬಿದರು. ಅದರಿಂದ ಇದ್ದ ಗುಡುಗೂ ತಗ್ಗಿ, ಕಿರುಚಾಟ ಒಂದೇ ಉಳಿಯಿತು.

ಬೆನ್ನ ಕಡೆ ಕೂತಿದ್ದ ನಾನು ಅವರಿಗೆ ಕಾಣುತ್ತಿರಲಿಲ್ಲ. ಕೂಗಿದರೆ ಮುಂದಿದ್ದವರಿಗೆ ಕೇಳುತ್ತದೆ, ಕೂಗದಿದ್ದರೆ ಎಲ್ಲ ಮುಗಿಯುತ್ತದೆ. ಬಳೆಗಳನ್ನು ಸದ್ದಾಗದ ಹಾಗೆ ಮೊಣಕೈಗೆ ತಳ್ಳಿಕೊಂಡು, ಹಲಗೆಗೆ ಗೆಣ್ಣಿನಿಂದ ಒಂದು ಸಲ ಕುಟ್ಟಿದೆ.

ಅವರು ಬೆಚ್ಚಿಬಿದ್ದರು. ನಾನು ಮತ್ತೆ ಕುಟ್ಟಿದೆ.

"ನಿಲ್ಸಿ! ರೀಲ್ ನಿಲ್ಸಿ!" ಎಂದು ಕೂಗಿದರು.

ಮುಂದಿನಿಂದ ಅಳಿಯ, "ಏನಾಯ್ತು?" ಎಂದ.

"ಎಲ್ಲೋ ಬೆಸ್ಗೆ ಬುಟ್ಟಂಗದೆ ಸಾ. ಮರ ಒಡ್ಕತಾ ಅದೆ. ಒಂದ್ನಿಮಿಷ."

"ಬುಡ್ತದೆ, ಬುಡ್ತದೆ. ಸೌದೆಗೆ ಅಂತ ನಾನು ಮೊದ್ಲೇ ಏಳ್ಲಿಲ್ವಾ ಮಾವ?"

ಇವರು ಬೆಸುಗೆ ಹುಡುಕುತ್ತ ಪೆಟ್ಟಿಗೆಯ ಬೆನ್ನ ಕಡೆ ಬಂದರು. ನಾನು ಎಣ್ಣೆ ಡಬ್ಬದ ಮೇಲೆ, ಬೆರಳು ಮಡಿಸಿ ಹಲಗೆಗೆ ಇಟ್ಟುಕೊಂಡೇ ಕೂತಿದ್ದೆ. ತೆಗೆಯಲು ಸಮಯ ಸಿಗಲಿಲ್ಲ, ತೆಗೆಯಬೇಕು ಅನ್ನಿಸಲೂ ಇಲ್ಲ. ಇನ್ನೊಂದು ಕೈಯಿಂದ ಸೆರಗಿನ ಗಂಟು ಬಿಚ್ಚಿ ರೇಷ್ಮೆ ಕಸದ ಹಿಡಿಯನ್ನು ಮುಂದೆ ಚಾಚಿ, ಕಣ್ಣಿನಲ್ಲೇ ಮೇಲಿನ ತುತ್ತೂರಿಯ ಕಡೆ ತೋರಿಸಿದೆ.

ಅವರು ಕಸವನ್ನು ನೋಡಿದರು. ನನ್ನ ಬೆರಳನ್ನು ನೋಡಿದರು. ಆಮೇಲೆ ನನ್ನ ಮುಖ. ಅವರಿಗೆ ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ಜಾತ್ರೆಯಲ್ಲಿ ಕಳೆದುಹೋದ ಮಗು ಮನೆಯವರನ್ನು ಕಂಡಾಗ ಅಳುವ ಮುಂಚೆ ಒಂದು ಗಳಿಗೆ ಇರುತ್ತದಲ್ಲ, ಹಾಗಿತ್ತು ಅವರ ಮುಖ. ಕೈ ಚಾಚಿ ಕಸ ತೆಗೆದುಕೊಂಡರು. ನಾನು ಬಾಯಿ ಮಾತ್ರ ಆಡಿಸಿ, ಸದ್ದಿಲ್ಲದೆ ಹೇಳಿದೆ: "ಒಂದು, ಆಕಿ. ಎರಡು, ಸಾಕು."

"ಸಿಕ್ತು ಸಾ, ರೀಲ್ ಬುಡಿ!" ಎಂದು ಕೂಗಿ ಅವರು ಪಕ್ಕಕ್ಕೆ ಹೋಗಿ ಅಂಗೈ ಒತ್ತಿದರು.

ಆ ತಾಯಿ ಮತ್ತೆ ಅಳತೊಡಗಿದಳು. ನಾನು ಕಣ್ಣು ಮುಚ್ಚಿಕೊಂಡೆ. ಒಂದು ಸಲ ಕುಟ್ಟಿದೆ. ತುತ್ತೂರಿಗೆ ಒಂದು ಚೂರು ಕಸ ಬಿತ್ತು. ಚುಚ್ಚುವುದು ಸ್ವಲ್ಪ ಕಡಿಮೆಯಾಯಿತು. ಮತ್ತೆ ಒಂದು. ಈಗ ಅವಳು ಬೈಯುವುದು ಬೈಗುಳದ ಹಾಗೆ ಕೇಳಿತು. ಇನ್ನೊಂದು ಸಲ ಕುಟ್ಟಿದ್ದು ಹೆಚ್ಚಾಯಿತು, ದನಿ ಕಂಬಳಿ ಹೊದ್ದುಕೊಂಡಂತಾಯಿತು. ಅದಕ್ಕೆ ನಮ್ಮಲ್ಲಿ ಗುರುತಿರಲಿಲ್ಲ. ಗಾಬರಿಯಲ್ಲಿ ಹಲಗೆಯನ್ನು ಉಗುರಿನಿಂದ ಕೆರೆದೆ. ಅವರಿಗೆ ಹೇಗೆ ತಿಳಿಯಿತೋ, ಒಂದು ಎಳೆ ಹೊರಗೆ ತೆಗೆದರು. ಆಗ ಬಂತು ನೋಡಿ. ಅಳುವಿನ ನಡುವೆ ಅವಳು ಉಸಿರು ಎಳೆದುಕೊಳ್ಳುವ ಸದ್ದು ಸಹ, ಪಕ್ಕದ ಮನೆಯ ಹೆಂಗಸು ಅತ್ತ ಹಾಗೆ, ಹಿತವಾಗಿ, ಹತ್ತಿರದಲ್ಲಿ. ನಾನು ಎರಡು ಸಲ ಕುಟ್ಟಿದೆ.

ರೀಲು ಮುಗಿಯಿತು. ಪರದೆಯ ಅಂಚಿನಿಂದ ಬಗ್ಗಿ ನೋಡಿದರೆ ಸಾಹುಕಾರರು ಹೆಗಲ ವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. "ನಮ್ಮಪ್ಪ ಇದ್ದಾಗ ಇಂಗೇ ಕೇಳ್ತಿತ್ತು. ಇದೇ ಇದೇ" ಎಂದರು. ಎದ್ದು ನಿಂತು ಪೆಟ್ಟಿಗೆ ಇದ್ದ ಕಡೆಗೆ ಕೈ ಮುಗಿದರು. ಇವರು ಬೆವರು ಒರೆಸಿಕೊಳ್ಳುತ್ತ ಪರದೆಯ ಮುಂದಕ್ಕೆ ಹೋದರು.

ಅಳಿಯ ಕೆಟ್ಟವನೇನಲ್ಲ. ಅವನ ಮುಖದಲ್ಲಿ ನಾಚಿಕೆ ಕಾಣಿಸಿತು. ಬೀಗದ ಕೈಗಳನ್ನು ಜೇಬಿಗೆ ಹಾಕಿಕೊಂಡು ಇವರ ಎದುರಿಗೆ ಬಂದು ನಿಂತ. "ತೆಪ್ಪಾಯ್ತು ಕಣ್ರಿ. ಯಾರೋ ಏಳಿದ್ದು ಕೇಳ್ಕಂಡು ನಿಮ್ಮ ಕಿವಿ ಮೇಲೆ ಅನುಮಾನ ಪಟ್ಬುಟ್ಟೆ" ಎಂದ.

ನನಗೆ ಸ್ವರ್ಗ ಮೂರೇ ಗೇಣು. ಇನ್ನು ಇವರು "ಪರವಾಗಿಲ್ಲ ಬುಡಿ ಸಾ" ಎಂದುಬಿಟ್ಟರೆ ನಾವು ಊರಿಗೆ ಹೋಗಬಹುದು.

"ತೆಪ್ಪೇನಿಲ್ಲ ಸಾ, ನೀವು ಕೇಳಿದ್ದು ದಿಟವೇ" ಎಂದರು ನನ್ನ ಗಂಡ. "ಸೂಜಿಮದ್ದು ತಕಂಡ್ಮೇಲೆ ಸಣ್ಣ ಸದ್ದು ಕೇಳಕಿಲ್ಲ ನಂಗೆ. ಅಂಗ್ಡೀಲಿ ನಿಮ್ಗೆ ಸುಳ್ಳೇಳ್ದೆ. ಮರದ ಕೆಲ್ಸ ನಂದು. ಈ ಪೆಟ್ಗೆ ಸದ್ದು ಅದ ಮಾಡ್ದೋಳು ನನ್ನ ಮನೆಯೋಳು. ಅಲ್ಲಿ ಪರದೆ ಇಂದ್ಗಡೆ ಕುಂತವ್ಳೆ."

ಮೂವರೂ ಪರದೆಯ ಅಂಚಿನ ಕಡೆ ತಿರುಗಿದರು. ಬಗ್ಗಿ ನೋಡುತ್ತಿದ್ದ ನಾನು ಹಾಗೇ ಸಿಕ್ಕಿಬಿದ್ದೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಾಚಿಕೆಯಿಂದಲ್ಲ, ಸಿಟ್ಟಿನಿಂದ. ಯಾವ ಗುಟ್ಟನ್ನು ಕಾಯಲು ನಾನು ಅಷ್ಟು ದಿನ ಹಲ್ಲು ಕಚ್ಚಿಕೊಂಡಿದ್ದೆನೋ, ಯಾವುದಕ್ಕೆ ಸೆರಗಿನಲ್ಲಿ ಕಸ ಕಟ್ಟಿಕೊಂಡು ಇಷ್ಟು ದೂರ ಬಂದೆನೋ, ಅದನ್ನು ಈ ಮನುಷ್ಯ ಕೇಳದೆ ಇದ್ದವರಿಗೆ ಕರೆದು ಕೊಟ್ಟುಬಿಟ್ಟರು!

ಸಾಹುಕಾರರು ಪರದೆಯ ಹಿಂದಕ್ಕೆ ಬಂದು ನನ್ನನ್ನೂ ಡಬ್ಬವನ್ನೂ ನೋಡಿದರು. ಆಮೇಲೆ ಅಳಿಯನಿಗೆ, "ನೋಡ್ಲಾ, ಆ ಎಣ್ಮಗ್ಳು ಡಬ್ಬದ ಮೇಲೆ ಕುಂತವ್ಳೆ. ಒಂದು ಕುರ್ಚಿ ತಂದಾಕು" ಎಂದರು. ಅಳಿಯ ನಿಜವಾಗಿಯೂ ಕುರ್ಚಿ ತಂದ. ಬುತ್ತಿ ಬಿಚ್ಚಿ ಎಲ್ಲರಿಗೂ ರೊಟ್ಟಿ ಕೊಟ್ಟೆ. ನನ್ನ ಗಂಡನಿಗೆ ಮಾತ್ರ ಕೊಡುವಾಗ ಎಲೆಯನ್ನು ಕುಕ್ಕಿಟ್ಟೆ.

ಇಳಿಹೊತ್ತಿನ ಬಸ್ಸಿನಲ್ಲಿ ಅವರ ಪಕ್ಕ ಕೂತು ನಾನು ಕಿಟಕಿಯ ಕಡೆ ಮುಖ ಮಾಡಿದೆ. ಬಸ್ಸು ಊರು ದಾಟುತ್ತಿದ್ದಂತೆ ತಡೆಯಲಾಗಲಿಲ್ಲ. "ಏನು ಕಮ್ಮಿ ಆಗಿತ್ತು ಅಂತ ಅಂಗಂದ್ರಿ? ತೆಪ್ಪಾಯ್ತು ಅಂದ ತಾನೇ ಅವ್ನು? ಸುಮ್ಕೆ ಇದ್ದಿದ್ರೆ ಆಗ್ತಿರ್ಲಿಲ್ವಾ? ನಾಳಿಂದ ಯಾರು ಬತ್ತಾರೆ ಅಂಗ್ಡಿಗೆ?"

"ತೆಪ್ಪಾಯ್ತು ಅಂದ್ನಲ್ಲ, ಅದ್ಕೇ ಸುಮ್ನಿರಕ್ಕೆ ಆಗ್ಲಿಲ್ಲ" ಎಂದರು. "ಅವ್ನು ನಕ್ಕಿದ್ರೆ ತಡ್ಕತಿದ್ದೆ. ನಿನ್ನ ಕಿವಿ ತಕಂಡು ನಾನು ಶಹಭಾಸ್ ಅನ್ನಿಸ್ಕಳದಾ?"

ನಾನು ಮತ್ತೆ ಕಿಟಕಿಯ ಕಡೆ ಮುಖ ಮಾಡಿದೆ. ಸ್ವಲ್ಪ ದೂರ ಹೋದ ಮೇಲೆ ಅವರು ಮುಂದಿನ ಸೀಟಿನ ಮರಕ್ಕೆ ಗೆಣ್ಣಿನಿಂದ ಒಂದು ಸಲ ಕುಟ್ಟಿದರು. ತಿರುಗಿದೆ.

"ಇವಾಗ ಏನೇನು ಕೇಳ್ತಾ ಅದೆ, ಯೋಳು."

"ಕಂಡಕ್ಟರ ಸೀಟಿ" ಎಂದೆ, ಇನ್ನೂ ಬಿಗಿದುಕೊಂಡೇ.

"ಇನ್ನೇನು?"

"ಇಂದ್ಗಡೆ ಸೀಟಲ್ಲಿ ಒಂದು ಕೂಸು. ಕಾಲ್ಗೆ ಗೆಜ್ಜೆ ಕಟ್ಟವ್ರೆ."

"ಇನ್ನೇನು?"

ಬಸ್ಸು ಹಳ್ಳಕ್ಕೆ ಬಿದ್ದು ಎದ್ದಿತು. ಮೊಣಕೈಗೆ ತಳ್ಳಿಕೊಂಡಿದ್ದ ಬಳೆಗಳೆಲ್ಲ ಮುಂಗೈಗೆ ಜಾರಿ ಬಂದವು. "ನನ್ ಬಳೆ" ಎಂದೆ.

ಅವರು ನನ್ನ ಕೈಯನ್ನೇ ನೋಡಿದರು. ಬಸ್ಸಿನಲ್ಲಿ ಜನ ಇದ್ದಾರೆ ಎಂಬುದನ್ನೂ ಮರೆತು ಬಳೆಗಳ ಮೇಲೆ ತಮ್ಮ ಅಂಗೈ ಇಟ್ಟರು, ಪೆಟ್ಟಿಗೆಯ ಹಲಗೆಗೆ ಇಡುತ್ತಿದ್ದ ಹಾಗೆಯೇ.

"ನಂಗೆ ಮೊದ್ಲು ಓಗಿದ್ದು ಇದೇ ಕಣಮ್ಮಿ" ಎಂದರು. "ಆಸ್ಪತ್ರೆಯಿಂದ ಬಂದ್ಮೇಲೆ ಬೆಳಗಾನ ನೀನು ಕಸ ಗುಡಿಸ್ತಿದ್ರೆ ಸದ್ದೇ ಇಲ್ಲ. ನನ್ನ ಕಾಯಿಲೇಲಿ ಬಳೆ ಎಲ್ಲಾ ಒಡ್ದೋದ್ವೇನೋ ಅನ್ಕಂಡೆ. ಅದ್ಕೇ ಬಳೆಗಾರ್ತೀನ ಕರ್ದೆ. ಎಷ್ಟು ತೊಡ್ಸಿದ್ರೂ ಕೇಳ್ಲಿಲ್ಲ."

ಇನ್ನೊಂದೆರಡು ಆಕು ಎಂದು ಅವರು ಬಳೆಗಾರ್ತಿಗೆ ಹೇಳುತ್ತಲೇ ಇದ್ದದ್ದು ಕಣ್ಣಿಗೆ ಕಟ್ಟಿತು. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಬಸ್ಸಿನ ತುಂಬ ಜನರ ನಡುವೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ಕೊಳ್ಳೇಗಾಲ ಬರುವ ತನಕ ಅವರು ಅಂಗೈ ತೆಗೆಯಲಿಲ್ಲ. ನಾನೂ ಕೈ ಅಲ್ಲಾಡಿಸುತ್ತಲೇ ಇದ್ದೆ.